ಮೆಣಸಿನಕಾಯಿ ನಾಟಕ ನೋಡಿದ್ದೀರಾ? ಹೊಸ ಕಿರುನಾಟಕಗಳ ಬಗ್ಗೆ ಮಾತಾಡೋಣ ಬನ್ನಿ

ಸಾಧನಕೇರಿ ಟೀಚರ್ (ಸೋಮವಾರ ರಾತ್ರಿ)

ಶನಿವಾರ ಸಂಜೆ ಧಾರವಾಡದಲ್ಲಿ ಮೂರು ಹೊಸ ಕಿರುನಾಟಕ ನೋಡಿದೆ. ಅವತ್ತಿನಿಂದ ತಲೆಯಲ್ಲಿ ಅವೇ ಓಡುತ್ತಿವೆ. ಯಾರ ಜೊತೆಗಾದರೂ ಮಾತಾಡಲೇಬೇಕು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಸಣ್ಣದು. ಸೃಜನಾ ರಂಗಮಂದಿರದ ಹಾಗೆ ದೊಡ್ಡದಲ್ಲ. ನೆಲಕ್ಕೆ ಜಮಖಾನೆ, ಹಿಂದೆ ನಾಲ್ಕು ಸಾಲು ಕುರ್ಚಿ. ಎಣಿಸಿದೆ, 31 ಜನ ಇದ್ದೆವು. ನಾಟಕ ಬರೆದ ಮೂವರೂ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮೂವರೂ ಚಿಕ್ಕ ವಯಸ್ಸಿನವರು.

ಮೊದಲನೆಯದರಲ್ಲಿ ಅಣ್ಣ ತಮ್ಮ ಮನೆ ಪಾಲು ಮಾಡುತ್ತಿದ್ದಾರೆ. ಕೈಯಲ್ಲಿ ಟೇಪು. ಹನ್ನೆರಡು ನಿಮಿಷ ಅಳತೆ ಬಿಟ್ಟು ಬೇರೆ ಮಾತೇ ಇಲ್ಲ. "ಹನ್ನೊಂದು ಫೂಟು ನಾಕು ಇಂಚು." "ಬರಕೊಂಡೆ." "ಒಂಬತ್ತು ಫೂಟು." "ಬರಕೊಂಡೆ." ಪಡಸಾಲೆ ಆಯಿತು, ಅಡಿಗೆಮನೆ ಆಯಿತು, ಹಿತ್ತಲು ಆಯಿತು. ಕೊನೆಗೆ ಅವ್ವನ ಹೊರಸು ಇದ್ದ ಮೂಲೆ ಬರುತ್ತದೆ. ಇಬ್ಬರ ಕೈಯೂ ಸಡಿಲ ಆಗುತ್ತದೆ. ಟೇಪು ಸರ್ರನೆ ಸುತ್ತಿಕೊಂಡು ಒಳಗೆ ಹೋಗುತ್ತದೆ. ಆ ಸದ್ದಿಗೇ ನಾಟಕ ಮುಗಿಯಿತು. ಯಾರೂ ಅಳಲಿಲ್ಲ. ನನ್ನ ಹೊಟ್ಟೆಯಲ್ಲಿ ಮಾತ್ರ ಏನೋ ಕಲಕಿದ ಹಾಗಾಯಿತು.

ಎರಡನೆಯದು ಚಿಗರಿ ಬಸ್ಸಿನಲ್ಲಿ ನಡೆಯುತ್ತದೆ. ಬಸ್ಸು ಹುಬ್ಬಳ್ಳಿ ಬಿಟ್ಟು ಧಾರವಾಡ ಮುಟ್ಟುವಷ್ಟರಲ್ಲಿ ಗುರುತಿಲ್ಲದ ಇಬ್ಬರು ಆಡುವ ಮಾತು. ಅರ್ಧದವರೆಗೆ ಭಾಳ ಚಲೋ ಇತ್ತು. ನವನಗರ ದಾಟಿದ ಮೇಲೆ ಒಬ್ಬ ಎದ್ದು ನಿಂತು ಊರಿಗೆಲ್ಲ ಬುದ್ಧಿ ಹೇಳಲು ಶುರು ಮಾಡಿದ. ಅಲ್ಲಿಂದ ಮುಂದೆ ನನಗೆ ಆ ಇಬ್ಬರು ಕಾಣಲೇ ಇಲ್ಲ. ಬರೆದವರ ಅಭಿಪ್ರಾಯ ಮಾತ್ರ ಕೇಳಿಸಿತು.

ಮೂರನೆಯದೇ ಮೆಣಸಿನಕಾಯಿ ನಾಟಕ. ಬ್ಯಾಡಗಿ ಮಾರ್ಕೆಟ್ಟಿನ ಹತ್ತಿರ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತ ಕೂತ ಅತ್ತೆ ಸೊಸೆ. ಸೊಸೆಗೆ ಆರು ತಿಂಗಳು ಹುಬ್ಬಳ್ಳಿಗೆ ಹೋಗಿ ಹೊಲಿಗೆ ಕಲಿಯುವ ಆಸೆ. ಅದನ್ನು ನೇರವಾಗಿ ಕೇಳುವುದಿಲ್ಲ. ಬಸ್ ಚಾರ್ಜ್ ಎಷ್ಟು, ಪಕ್ಕದ ಮನೆಯವಳು ಹೇಗೆ ಹೋದಳು, ಹೀಗೇ ಸುತ್ತಿ ಬಳಸಿ ಮಾತು. ಅತ್ತೆ ಹ್ಞೂಂ ಅನ್ನುವುದಿಲ್ಲ, ಉಹ್ಞೂಂ ಅನ್ನುವುದಿಲ್ಲ. ಕೊನೆಗೆ ಸೊಸೆಯ ಮುಂದಿದ್ದ ಕಾಯಿಯ ಗುಡ್ಡೆಯನ್ನು ಎರಡೂ ಕೈಯಿಂದ ಬಳಿದು ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಅಷ್ಟೇ. ರಂಗದ ಮೇಲೆ ನಿಜವಾದ ಮೆಣಸಿನಕಾಯಿ ಇತ್ತು. ಮುಂದೆ ಕೂತ ನಾವೆಲ್ಲ ಕೆಮ್ಮುತ್ತ ನೋಡಿದೆವು.

ಎಲ್ಲ ಮುಗಿದು ದೀಪ ಹತ್ತಿದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಇವು ಮುಗದ್ವಲ್ಲ, ಇನ್ನ ನಾಟಕ ಎಷ್ಟೊತ್ತಿಗೆ?"

ಅವರದು ತಪ್ಪಲ್ಲ. ಮನಸ್ಸಿನಿಂದಲೇ ಕೇಳಿದರು. ಆದರೆ ಗೋಡೆಗೆ ಒರಗಿ ನಿಂತಿದ್ದ, ಮೆಣಸಿನಕಾಯಿ ನಾಟಕ ಬರೆದ ಹುಡುಗಿಗೂ ಅದು ಕೇಳಿಸಿತು. ಅವಳ ಮುಖ ನೋಡಿದ ಮೇಲೆ ನನಗೆ ಸುಮ್ನೆ ಮನೆಗೆ ಹೋಗಲು ಆಗಲಿಲ್ಲ. ಹತ್ತಿರ ಹೋಗಿ "ಚಲೋ ಇತ್ತು" ಅಂದೆ. ಅವಳು "ಥ್ಯಾಂಕ್ಸ್ ಮೇಡಂ" ಅಂದಳು. ಅಷ್ಟಕ್ಕೇ ಮುಗಿಯಿತು. ಬಸ್ಸಿನಲ್ಲಿ ಕೂತಾಗ ಅನ್ನಿಸಿತು, ನಾನು ಅವಳಿಗೆ ಕೊಟ್ಟದ್ದು ಏನೇನೂ ಅಲ್ಲ ಅಂತ.

ನನ್ನ ಪ್ರಶ್ನೆ ಇಷ್ಟೇ. ಹೊಸ ಕಿರುನಾಟಕವನ್ನು ನಾವು ಹೇಗೆ ನೋಡಬೇಕು? ನೋಡಿದ ಮೇಲೆ ಏನು ಹೇಳಬೇಕು?

ಕಂಪನಿ ನೆನಪು (ಸೋಮವಾರ ರಾತ್ರಿ)

ಟೀಚರ್, ಆ ಹಿರಿಯರು ನಾನಲ್ಲ, ನಾನು ಗದಗಿನವನು. ಆದರೆ ಅಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆನೇನೋ.

ನನಗೆ 71. ಬನಶಂಕರಿ ಜಾತ್ರೆಗೆ ಬಂದ ಕಂಪನಿ ನಾಟಕ ನೋಡುತ್ತಲೇ ಬೆಳೆದವನು. ರಾತ್ರಿ ಹತ್ತಕ್ಕೆ ಬೆಲ್ಲು ಹೊಡೆದರೆ ಹೊರಗೆ ಬರುವಾಗ ಮೂಡಲ ಕೆಂಪಾಗಿರುತ್ತಿತ್ತು. ನಮ್ಮ ಊರಿನ ಗಾಳಿಯಲ್ಲೇ ನಾಟಕ ಇದೆ. ಮರಾಠಿ ನಾಟಕಗಳೇ ಮೆರೆಯುತ್ತಿದ್ದ 1870ರ ದಶಕದಲ್ಲಿ ಶಾಂತಕವಿಗಳು ಇಲ್ಲೇ ಕನ್ನಡ ನಾಟಕದ ತಂಡ ಕಟ್ಟಿದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಗದಗಿನದೇ. ನನ್ನ ಅಜ್ಜ ಆ ಹೆಸರು ಹೇಳುವಾಗ ರುಮಾಲು ಸರಿಮಾಡಿಕೊಳ್ಳುತ್ತಿದ್ದರು.

ನನ್ನ ಅನುಮಾನ ಹೇಳುತ್ತೇನೆ, ಬೇಜಾರಾಗಬೇಡಿ. ಕಣ್ಣೀರು ಬರಲು ಹೊತ್ತು ಬೇಕು. ಒಬ್ಬ ಮನುಷ್ಯ ರಂಗದ ಮೇಲೆ ಬಂದು, ಹಾಡಿ, ನಕ್ಕು, ಸೋತು, ನಮ್ಮ ಮನೆಯವನೇ ಅನ್ನಿಸಬೇಕು. ಆಮೇಲೆ ಅವನಿಗೆ ಕಷ್ಟ ಬಂದರೆ ನಾವು ಅಳುತ್ತೇವೆ. ಹನ್ನೆರಡು ನಿಮಿಷದಲ್ಲಿ ಅವನ ಹೆಸರು ನೆನಪಿಡುವುದೇ ಕಷ್ಟ.

ಇನ್ನೊಂದು ಮಾತು. ನಮ್ಮಲ್ಲಿ ದೊಡ್ಡಾಟ, ಸಣ್ಣಾಟ ಅಂತ ಎರಡಿವೆ. ಸಣ್ಣಾಟ ಅಂದ ಮಾತ್ರಕ್ಕೆ ಅದೇನು ಚುಟುಕಾಗಿ ಮುಗಿಯುವುದಿಲ್ಲ. ಸಂಗ್ಯಾ ಬಾಳ್ಯಾ ಆಟಕ್ಕೆ ಕೂತರೆ ರಾತ್ರಿ ಹೋದದ್ದೇ ಗೊತ್ತಾಗುವುದಿಲ್ಲ. ನಮ್ಮ ಹಿರಿಯರು 'ಸಣ್ಣ' ಅಂದದ್ದು ಹೊತ್ತಿಗಲ್ಲ.

ಸಾಧನಕೇರಿ ಟೀಚರ್

ಹಾಗಾದರೆ ಯಾವುದಕ್ಕೆ ಸಣ್ಣ ಅಂದರು? ನಿಮ್ಮ ಮಾತಿನಲ್ಲೇ ನನಗೆ ಉತ್ತರ ಸಿಕ್ಕಿತು ಅನ್ನಿಸುತ್ತಿದೆ. ದೊಡ್ಡಾಟದಲ್ಲಿ ದೇವರು, ರಾಜರು, ಕಿರೀಟ, ಭುಜಕೀರ್ತಿ. ಸಣ್ಣಾಟದಲ್ಲಿ ಪಕ್ಕದ ಓಣಿಯ ಮಂದಿ. ಸಂಗ್ಯಾ ಯಾರು, ಬಾಳ್ಯಾ ಯಾರು? ನಮ್ಮ ನಿಮ್ಮಂಥವರೇ. ಟೇಪು ಹಿಡಿದ ಆ ಅಣ್ಣ ತಮ್ಮನೂ ಅದೇ ಓಣಿಯವರು ಅಲ್ವಾ?

ಬೆಳಕಿನ ಹುಡುಗ (ಮಂಗಳವಾರ ಬೆಳಿಗ್ಗೆ)

ನಾನು ಹುಬ್ಬಳ್ಳಿಯವನು. ಎಂಟು ವರ್ಷದಿಂದ ನಾಟಕಗಳಿಗೆ ಬೆಳಕು ಮಾಡುತ್ತೇನೆ. ಸವಾಯಿ ಗಂಧರ್ವ ಕಲಾಮಂದಿರದಿಂದ ಹಿಡಿದು ಶಾಲೆಯ ಅಂಗಳದವರೆಗೆ ಎಲ್ಲ ಕಡೆ ಏಣಿ ಹತ್ತಿದ್ದೇನೆ.

ಕಂಪನಿ ನೆನಪು ಅವರ 'ಹೊತ್ತು ಬೇಕು' ಅನ್ನುವ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ಹೊತ್ತು ರಂಗದ ಮೇಲೇ ಕಳೆಯಬೇಕು ಅಂತ ಇಲ್ಲ. ದೊಡ್ಡ ನಾಟಕದಲ್ಲಿ ಎರಡು ತಾಸು ನಾವು ಆ ಮನುಷ್ಯನ ಜೊತೆ ಇರುತ್ತೇವೆ. ಕಿರುನಾಟಕದಲ್ಲಿ ಅವನು ಆಮೇಲೆ ನಮ್ಮ ಜೊತೆ ಬರುತ್ತಾನೆ. ಟೀಚರ್‌ಗೆ ಶನಿವಾರದಿಂದ ಸೋಮವಾರದವರೆಗೆ ಆ ಟೇಪಿನ ಸದ್ದು ಕೇಳುತ್ತಲೇ ಇತ್ತು. ಆ ಎರಡು ದಿನವನ್ನೂ ನಾಟಕದ ಲೆಕ್ಕಕ್ಕೇ ಸೇರಿಸಬೇಕು.

ನನ್ನ ಕೆಲಸದ ಕಡೆಯಿಂದ ಒಂದು ಮಾತು. ದೊಡ್ಡ ನಾಟಕದಲ್ಲಿ ನಾನು ಒಂದು ಕಡೆ ತಪ್ಪು ಬೆಳಕು ಕೊಟ್ಟರೆ ಮುಂದಿನ ದೃಶ್ಯದಲ್ಲಿ ಅದು ಮರೆತುಹೋಗುತ್ತದೆ. ಕಿರುನಾಟಕದಲ್ಲಿ ಒಂದು ಲೈಟು ಎರಡು ಸೆಕೆಂಡು ಮೊದಲು ಆರಿದರೆ ಇಡೀ ನಾಟಕವೇ ಹೋಯಿತು. ಸ್ಯಾಮ್ಯುಯೆಲ್ ಬೆಕೆಟ್ 'ಬ್ರೆತ್' ಅಂತ ಒಂದು ನಾಟಕ ಬರೆದ, ಅದು ಮೊದಲು ರಂಗಕ್ಕೆ ಬಂದದ್ದು 1969ರಲ್ಲಿ. ಒಂದು ನಿಮಿಷವೂ ಇಲ್ಲ. ರಂಗದ ಮೇಲೆ ಒಬ್ಬ ನಟನೂ ಇಲ್ಲ, ಬರೀ ಕಸ ಬಿದ್ದಿರುತ್ತದೆ. ಮೊದಲು ಒಂದು ಕೂಗು. ಉಸಿರು ಒಳಗೆ ಹೋದ ಹಾಗೆ ಬೆಳಕು ಏರುತ್ತದೆ, ಉಸಿರು ಹೊರಗೆ ಬಂದ ಹಾಗೆ ಇಳಿಯುತ್ತದೆ. ಮತ್ತೆ ಕೂಗು. ಮುಗಿಯಿತು. ಅದರ ಬಗ್ಗೆ ಓದಿದ ದಿನ ನಾನು ಮನೆಯಲ್ಲಿ ರೆಗ್ಯುಲೇಟರ್ ತಿರುಗಿಸುತ್ತ ಕೂತಿದ್ದೆ. ಬೆಳಕನ್ನು ಅಷ್ಟು ನಿಧಾನ ಏರಿಸುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಹಾಗಾಗಿ ಟೀಚರ್ ಪ್ರಶ್ನೆಗೆ ನನ್ನ ಉತ್ತರ: ಕಥೆ ಹುಡುಕಬೇಡಿ. ಯಾವ ಕ್ಷಣದಲ್ಲಿ ಏನು ಬದಲಾಯಿತು ಅಂತ ನೋಡಿ. ಟೇಪು ಸುತ್ತಿಕೊಂಡ ಕ್ಷಣ. ಗುಡ್ಡೆ ಎಳೆದುಕೊಂಡ ಕ್ಷಣ. ಒಳ್ಳೆಯ ಕಿರುನಾಟಕದಲ್ಲಿ ಅಂಥದ್ದು ಒಂದೇ ಇರುತ್ತದೆ. ಉಳಿದದ್ದೆಲ್ಲ ಅದಕ್ಕೆ ತಯಾರಿ.

ನವನಗರದ ಇಂಜಿನಿಯರ್

ಬೆಳಕಿನ ಹುಡುಗ ಹೇಳಿದ್ದಕ್ಕೆ ಒಂದು ಸೇರಿಸಲಾ? ಸಿಡ್ನಿಯಲ್ಲಿ 2002ರಲ್ಲಿ ಹತ್ತು ನಿಮಿಷದ ನಾಟಕಗಳ ಹಬ್ಬ ಒಂದು ಶುರುವಾಯಿತು. 'ಶಾರ್ಟ್ ಅಂಡ್ ಸ್ವೀಟ್' ಅಂತ ಹೆಸರು. ಆಮೇಲೆ ಬೇರೆ ದೇಶಗಳಿಗೂ ಹಬ್ಬಿ ಭಾರತಕ್ಕೂ ಬಂತು. ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಇಂಥ ಕಿರುನಾಟಕಗಳ ಸಂಜೆಗಳಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ರೋಗ ಕಂಡೆ. ಎಲ್ಲ ನಾಟಕವೂ ಕೊನೆಯ ಸಾಲಿಗಾಗಿ ಬರೆದದ್ದು. ಅವಳು ಸತ್ತವಳು ಅಂತ ಕೊನೆಗೆ ಗೊತ್ತಾಗುವುದು, ಇಬ್ಬರೂ ಒಬ್ಬನೇ ಅಂತ ಕೊನೆಗೆ ಗೊತ್ತಾಗುವುದು. ಮೊದಲ ಸಲ ಚಪ್ಪಾಳೆ ಜೋರಾಗಿ ಬೀಳುತ್ತದೆ. ಎರಡನೇ ಸಲ ನೋಡಿದರೆ ಒಳಗೆ ಏನೂ ಇಲ್ಲ.

ಅದಕ್ಕೇ ನನಗೆ ಒಂದು ಲೆಕ್ಕ ಇದೆ. ಕೊನೆ ಗೊತ್ತಿದ್ದೂ ಮತ್ತೆ ನೋಡಬೇಕು ಅನ್ನಿಸಿದರೆ ಅದು ನಾಟಕ. ಅನ್ನಿಸದಿದ್ದರೆ ಸ್ಕಿಟ್. ಮೆಣಸಿನಕಾಯಿ ನಾಟಕದ ಕೊನೆಯನ್ನು ಟೀಚರ್ ಇಲ್ಲಿ ಹೇಳಿಬಿಟ್ಟಿದ್ದಾರೆ. ಆದರೂ ನನಗೆ ಅದನ್ನು ನೋಡಬೇಕು ಅನ್ನಿಸುತ್ತಿದೆ.

ಸಾಧನಕೇರಿ ಟೀಚರ್ (ಮಂಗಳವಾರ ಸಂಜೆ)

ಅಯ್ಯೋ, ಕೊನೆ ಹೇಳಬಾರದಿತ್ತು. ಖುಷಿಯಲ್ಲಿ ಬರೆದುಬಿಟ್ಟೆ. ಕ್ಷಮಿಸಿ.

ಇವತ್ತು ಬಿಡುವಿನಲ್ಲಿ ನಾನು ಇನ್ನೊಂದು ಯೋಚನೆ ಮಾಡುತ್ತಿದ್ದೆ. ಕಿರುನಾಟಕ ನಮಗೆ ಎಲ್ಲಿಂದಲೋ ಹೊಸದಾಗಿ ಬಂದದ್ದಲ್ಲ. ಇದೇ ಊರು ಅದನ್ನು ಸಾಕಿದೆ. ಬೇಂದ್ರೆಯವರನ್ನು ನಾವು ಹಾಡಿನಿಂದ ಗುರುತಿಸುತ್ತೇವೆ, ಆದರೆ ಅವರು 'ಸಾಯೋ ಆಟ'ದಂಥ ಚಿಕ್ಕ ನಾಟಕಗಳನ್ನೂ ಬರೆದರು. ನಮ್ಮ ಮನೆಯಿಂದ ಅವರ ಮನೆಗೆ ನಡೆದರೆ ಹತ್ತು ನಿಮಿಷ. ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುತ್ತಿದ್ದ ಶ್ರೀರಂಗರು ದೊಡ್ಡ ನಾಟಕಗಳ ಜೊತೆಗೆ 60ಕ್ಕೂ ಜಾಸ್ತಿ ಏಕಾಂಕಗಳನ್ನು ಬರೆದರು. ದೊಡ್ಡ ನಾಟಕ ಬರೆಯಲು ಬಾರದೆ ಚಿಕ್ಕದು ಬರೆದವರಲ್ಲ ಅವರು. ಕೆಲವು ವಿಷಯಕ್ಕೆ ಅಷ್ಟೇ ಅಳತೆ ಸರಿ ಅಂತ ಗೊತ್ತಿದ್ದವರು.

ಆಮೇಲೆ ಚಂಪಾ, ಅಂದರೆ ಚಂದ್ರಶೇಖರ ಪಾಟೀಲರು. ಹಾವೇರಿ ಜಿಲ್ಲೆ ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ 1939ರಲ್ಲಿ ಹುಟ್ಟಿ ಧಾರವಾಡಕ್ಕೆ ಬಂದು, ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಹೇಳಿಕೊಟ್ಟರು. 1964ರಲ್ಲಿ ಗಿರಡ್ಡಿ, ಪಟ್ಟಣಶೆಟ್ಟಿ ಅವರ ಜೊತೆ ಸೇರಿ 'ಸಂಕ್ರಮಣ' ಸಾಹಿತ್ಯ ಪತ್ರಿಕೆ ಶುರು ಮಾಡಿದರು. ಅವರ 'ಕೊಡೆಗಳು' ನಾಟಕವನ್ನು ನಾನು ಕಾಲೇಜಿನಲ್ಲಿದ್ದಾಗ ಓದಿದೆ. ಅರ್ಥ ಆಗಲಿಲ್ಲ. ಗೆಳತಿಯರು ನಾಲ್ಕು ಜನ ಹಾಸ್ಟೆಲ್ ಕೋಣೆಯಲ್ಲಿ ಕೂತು ಜೋರಾಗಿ ಓದಿದೆವು. ಆಗ ನಗು ಬಂತು, ಆಮೇಲೆ ಹೆದರಿಕೆ ಬಂತು. ನಾಟಕವನ್ನು ಕಣ್ಣಿನಿಂದ ಓದಿದರೆ ಅರ್ಧ ಮಾತ್ರ ಸಿಗುತ್ತದೆ ಅಂತ ಅವತ್ತು ಕಲಿತೆ. ಬಾಯಿಂದ ಓದಬೇಕು.

ಅದೇ ಕಾರಣಕ್ಕೆ ಧಾರವಾಡ ಆಕಾಶವಾಣಿಯ ನಾಟಕಗಳು ನಮ್ಮ ಅಪ್ಪನ ಕಾಲದವರಿಗೆ ಅಷ್ಟು ಹಿಡಿಸಿದ್ದು. 1950ರಲ್ಲಿ ಶುರುವಾದ ಕೇಂದ್ರ ಅದು. ಎನ್ಕೆ ಕುಲಕರ್ಣಿ ಅವರಂಥವರು ಅಲ್ಲಿದ್ದರು. ಅಪ್ಪ ರೇಡಿಯೋ ಪಕ್ಕ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅರ್ಧ ತಾಸಿನ ನಾಟಕ ಮುಗಿದ ಮೇಲೆ "ಇನ್ನ ನಾಟಕ ಎಷ್ಟೊತ್ತಿಗೆ" ಅಂತ ಅವರು ಯಾವತ್ತೂ ಕೇಳಲಿಲ್ಲ.

ಕಂಪನಿ ನೆನಪು

ರೇಡಿಯೋ ಮಾತು ತೆಗೆದು ನೀವು ನನ್ನನ್ನು ಕಟ್ಟಿಹಾಕಿದಿರಿ ಟೀಚರ್. ಅರ್ಧ ತಾಸಿನ ರೇಡಿಯೋ ನಾಟಕ ಕೇಳಿ ನಾನೂ ಅತ್ತಿದ್ದೇನೆ. ಆ ಮಾತು ಸುಳ್ಳಲ್ಲ.

ಹಾನಗಲ್ಲ ಕಡೆಯವನು (ಬುಧವಾರ)

ಎಲ್ಲರೂ ನೋಡುವ ಮಾತಾಡುತ್ತಿದ್ದೀರಿ. ನಾನು ಆಡಿಸುವ ಮಾತಾಡುತ್ತೇನೆ.

ನಮ್ಮ ತಾಲೂಕಿನಲ್ಲಿ ನಾಟಕದ ಹುಚ್ಚು ಜಾಸ್ತಿ. ಶೇಷಗಿರಿ ಊರಿಗೆ ಬಂದು ನೋಡಿ. ಹಳ್ಳಿಯಲ್ಲೇ ರಂಗಮಂದಿರ ಇದೆ. ಹೊಲದ ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಬರುವ ಮಂದಿ ಇದ್ದಾರೆ. ನಮ್ಮ ಊರಲ್ಲೂ ಎಂಟು ಹತ್ತು ಹುಡುಗರು, ಮೂವರು ಹುಡುಗಿಯರು ಇದ್ದೇವೆ. ನಮಗೆ ಕಿರುನಾಟಕ ಬೇಕೇ ಬೇಕು. ದೊಡ್ಡ ನಾಟಕಕ್ಕೆ ಎರಡು ತಿಂಗಳು ತಾಲೀಮು, ಹದಿನೈದು ನಟರು, ಸೆಟ್ಟು, ಸಂಗೀತ. ಗೋವಿನಜೋಳ ಮುರಿಯುವ ಹೊತ್ತಿಗೆ ಅರ್ಧ ಜನ ಬರುವುದಿಲ್ಲ. ಇಬ್ಬರು ನಟರು, ಒಂದು ಹೊರಸು, ಒಂದು ಟೇಪು ಅಂದರೆ ನಾವು ನಾಳೆಯೇ ಶುರು ಮಾಡುತ್ತೇವೆ.

ಆದರೆ ನಾಟಕ ಎಲ್ಲಿ ಸಿಗುತ್ತದೆ? ಹಳೆಯವು ಪುಸ್ತಕದಲ್ಲಿವೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಇದೆ, ಕಾರ್ನಾಡರ 'ಯಯಾತಿ'ಯನ್ನು 1961ರಲ್ಲಿ ಅಚ್ಚು ಹಾಕಿದ್ದು ಅವರೇ. ಈಗಿನ ಹುಡುಗರು ಬರೆದ ಹದಿನೈದು ನಿಮಿಷದ್ದು ಅಚ್ಚಾಗುವುದೇ ಕಡಿಮೆ. ವಾಟ್ಸಾಪಿನಲ್ಲಿ ಪಿಡಿಎಫ್ ಬರುತ್ತದೆ. ಮೊದಲ ಪುಟದಲ್ಲಿ ಬರೆದವರ ಹೆಸರೇ ಇರುವುದಿಲ್ಲ, ಯಾರೋ ಕತ್ತರಿಸಿರುತ್ತಾರೆ.

ನನ್ನ ಗೆಳೆಯನೊಬ್ಬ ಬರೆದ ನಾಟಕವನ್ನು ಒಂದು ಕಾಲೇಜಿನವರು ಸ್ಪರ್ಧೆಯಲ್ಲಿ ಆಡಿ ಬಹುಮಾನ ತೆಗೆದುಕೊಂಡರು. ಬರೆದವನ ಹೆಸರು ಎಲ್ಲೂ ಹಾಕಲಿಲ್ಲ. ಅವನು ಸಭೆಯಲ್ಲೇ ಕೂತಿದ್ದ. ಕೇಳಿದರೆ "ಸಣ್ಣ ನಾಟಕ ಅಲ್ವಾ" ಅಂದರು. ಆಮೇಲೆ ಅವನು ಎರಡು ವರ್ಷ ಏನೂ ಬರೆಯಲಿಲ್ಲ.

ದಯವಿಟ್ಟು ಇದನ್ನು ತಿಳಿದುಕೊಳ್ಳಿ. ನಾಟಕ ಹತ್ತು ನಿಮಿಷದ್ದಿರಲಿ, ಮೂರು ತಾಸಿನದ್ದಿರಲಿ, ಹಕ್ಕು ಬರೆದವರದು. 1957ರ ಕಾಯಿದೆ ಪ್ರಕಾರ ಅವರು ಇರುವವರೆಗೂ, ಆಮೇಲೆ 60 ವರ್ಷವೂ ಆ ಹಕ್ಕು ಉಳಿಯುತ್ತದೆ. ಕೈಲಾಸಂ 1946ರಲ್ಲಿ ಹೋದವರು, ಅವರ ನಾಟಕಕ್ಕೆ ಈಗ ಯಾರನ್ನೂ ಕೇಳಬೇಕಿಲ್ಲ. ಆದರೆ ಹೊಸಬರ ನಾಟಕಕ್ಕೆ ಒಂದು ಫೋನು ಮಾಡಬೇಕು, ಒಪ್ಪಿಗೆ ಬರೆಸಿಕೊಳ್ಳಬೇಕು, ಕೈಲಾದಷ್ಟು ಗೌರವಧನ ಕೊಡಬೇಕು. ನಾವು ಕಳೆದ ವರ್ಷ ಒಂದು ಪ್ರಯೋಗಕ್ಕೆ 500 ರೂಪಾಯಿ ಕೊಟ್ಟೆವು. ಬರೆದ ಹುಡುಗ ಅದನ್ನು ಖರ್ಚು ಮಾಡಿಲ್ಲವಂತೆ, ಪುಸ್ತಕದೊಳಗೆ ಇಟ್ಟಿದ್ದಾನಂತೆ.

ಬೆಳಕಿನ ಹುಡುಗ

ಕರಪತ್ರದಲ್ಲಿ ಬೆಳಕಿನವನ ಹೆಸರು ಬಿಟ್ಟರೂ ಪರವಾಗಿಲ್ಲ. ಬರೆದವರ ಹೆಸರು ಬಿಡಬಾರದು. ಹಾನಗಲ್ಲ ಕಡೆಯವರೇ, ನಿಮ್ಮ ಊರಿಗೆ ನಾನು ಎರಡು ಪಾರ್ ಲೈಟು, ಒಂದು ಡಿಮ್ಮರ್ ಹಿಡಿದುಕೊಂಡು ಬರುತ್ತೇನೆ. ಬಸ್ ಚಾರ್ಜ್ ಸಾಕು.

ಬ್ಯಾಡಗಿ ಮಗಳು (ಗುರುವಾರ ರಾತ್ರಿ)

ನಾನು ಇಲ್ಲಿ ಓದುವುದು ಮಾತ್ರ, ಬರೆಯುವುದು ಇದೇ ಮೊದಲು. ಶನಿವಾರದ ಆ 31 ಜನರಲ್ಲಿ ನಾನೂ ಇದ್ದೆ.

ನಮ್ಮ ಅವ್ವ 22 ವರ್ಷ ಮೆಣಸಿನಕಾಯಿ ತುಂಬು ಬಿಡಿಸಿದಳು. ಕಿಲೋ ಲೆಕ್ಕದಲ್ಲಿ ಕೂಲಿ. ನಾನು ಓದಿದ್ದು ಆ ದುಡ್ಡಿನಲ್ಲಿ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅಡಿಗೆಗೆ ಹಾಕಿದಾಗ ಆ ಮಾತು ಸರಿ. ಮುಂಜಾನೆಯಿಂದ ಸಂಜೆತನಕ ಬಿಡಿಸುವವರಿಗೆ ಯಾವ ಕಾಯಿಯೂ ಕಡಿಮೆ ಅಲ್ಲ. ರಾತ್ರಿ ಅವ್ವ ಕೈಗೆ ಎಣ್ಣೆ ಹಚ್ಚಿಕೊಂಡು ಗಾಳಿಗೆ ಹಿಡಿದು ಕೂರುತ್ತಿದ್ದಳು. ತಮ್ಮ ಚಿಕ್ಕವನಿದ್ದಾಗ ಅವನ ಮುಖ ತೊಳೆಯುವುದು ನನ್ನ ಕೆಲಸ. ಅವ್ವ ಮುಟ್ಟುತ್ತಿರಲಿಲ್ಲ.

ನಾಟಕ ನೋಡುತ್ತ ನನಗೆ ಉಸಿರು ಕಟ್ಟಿತು. ನಮ್ಮ ಮನೆಯ ಮಾತನ್ನು ಯಾರೋ ಕದ್ದು ಕೇಳಿ ಬರೆದ ಹಾಗಿತ್ತು. ನೇರವಾಗಿ ಕೇಳದೆ ಸುತ್ತಿ ಬಳಸಿ ಕೇಳುವುದು, ಹ್ಞೂಂ ಅನ್ನದೆ ಒಪ್ಪುವುದು, ಅದು ಹಾಗೇ ಇರುತ್ತದೆ.

ಆದರೆ ಒಂದು ಕಡೆ ನಾನು ನಾಟಕದಿಂದ ಹೊರಗೆ ಬಿದ್ದೆ. ಸೊಸೆ ಅಳುವಾಗ ಅಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ತುಂಬು ಬಿಡಿಸುವ ಯಾವ ಹೆಂಗಸೂ ಹಾಗೆ ಮಾಡುವುದಿಲ್ಲ. ಕೈ ಕಣ್ಣಿನ ಹತ್ತಿರ ಹೋಗುವುದೇ ಇಲ್ಲ. ತೋಳು ಎತ್ತಿ ಮುಖವನ್ನು ಕೆಳಗೆ ತಂದು ಕುಪ್ಪಸದ ತೋಳಿಗೆ ಕಣ್ಣು ಒತ್ತಿಕೊಳ್ಳುತ್ತಾರೆ. ನಮ್ಮ ಅವ್ವ ಕೆಲಸ ಬಿಟ್ಟು ಆರು ವರ್ಷ ಆಯಿತು. ಈಗಲೂ ಹಾಗೇ ಒರೆಸಿಕೊಳ್ಳುತ್ತಾಳೆ.

ಇದನ್ನು ಅವತ್ತೇ ಹೇಳಬೇಕು ಅಂತ ಎದ್ದು ನಿಂತೆ. ಆಮೇಲೆ, ಅಷ್ಟು ಚಂದ ಬರೆದವರಿಗೆ ತಪ್ಪು ಹೇಳುವುದು ಯಾಕೆ ಅಂತ ಚಪ್ಪಾಳೆ ತಟ್ಟಿ ಬಂದೆ.

ಸಾಧನಕೇರಿ ಟೀಚರ್

ಈ ಮಾತನ್ನು ಹೇಗಾದರೂ ಬರೆದ ಹುಡುಗಿಗೆ ಮುಟ್ಟಿಸಬೇಕು. ನಾನು "ಚಲೋ ಇತ್ತು" ಅಂದದ್ದಕ್ಕಿಂತ ಇದು ನೂರು ಪಾಲು ದೊಡ್ಡದು. ನಾಟಕವನ್ನು ನೀವು ಎಷ್ಟು ಹತ್ತಿರದಿಂದ ನೋಡಿದಿರಿ! ತಪ್ಪು ಹುಡುಕಿದ್ದಲ್ಲ ಇದು.

ನವನಗರದ ಇಂಜಿನಿಯರ್

ಲಿಂಕ್ ಕಳಿಸಿದ್ದೇನೆ. ನನ್ನ ಅಕ್ಕನ ಗೆಳತಿಗೆ ಅವರ ಪರಿಚಯ ಇದೆ.

ಬರೆದವಳು (ಶುಕ್ರವಾರ, ರಾತ್ರಿ ಒಂದೂವರೆ)

ನಾನೇ ಆ ಗೋಡೆಗೆ ಒರಗಿ ನಿಂತವಳು. ಎಲ್ಲವನ್ನೂ ಓದಿದೆ. ಎರಡು ಸಲ ಓದಿದೆ.

ಬ್ಯಾಡಗಿ ಮಗಳು ಅವರೇ, ನಿಮ್ಮ ಮಾತು ಓದಿ ಎದ್ದು ಕನ್ನಡಿ ಮುಂದೆ ನಿಂತು ತೋಳಿನಿಂದ ಕಣ್ಣು ಒತ್ತಿಕೊಂಡು ನೋಡಿದೆ. ಹಾಗೆ ಮಾಡಿದಾಗ ಮುಖ ಪೂರ್ತಿ ಮುಚ್ಚಿಹೋಗುತ್ತದೆ. ಆ ಜಾಗದಲ್ಲಿ ನಾನು ಸೊಸೆಗೆ ಮೂರು ಸಾಲು ಮಾತು ಬರೆದಿದ್ದೆ. "ನನಗೂ ಒಂದು ಜೀವನ ಐತಿ" ಅಂತ ಶುರುವಾಗುತ್ತದೆ. ಆ ಸಾಲುಗಳ ಬಗ್ಗೆ ನನಗೆ ಮೊದಲಿನಿಂದಲೂ ಸಮಾಧಾನ ಇರಲಿಲ್ಲ. ಈಗ ಅವು ಬೇಡವೇ ಬೇಡ. ಅವಳು ತೋಳಿನೊಳಗೆ ಮುಖ ಇಟ್ಟಾಗ ಅತ್ತೆಗೆ ಅವಳ ಮುಖ ಕಾಣುವುದಿಲ್ಲ. ಕಾಣದ ಕಾರಣಕ್ಕೇ ಅತ್ತೆ ಗುಡ್ಡೆ ಎಳೆದುಕೊಳ್ಳಬಲ್ಲಳು. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರೆ ಅವಳಿಗೆ ಅದು ಆಗುತ್ತಿರಲಿಲ್ಲ. ಇದು ನನಗೆ ಬರೆಯುವಾಗ ಹೊಳೆದಿರಲಿಲ್ಲ.

ನಮ್ಮದು ನಾಲ್ಕು ತಿಂಗಳು ಬರೆದು, ಒಂದು ತಿಂಗಳು ತಾಲೀಮು ಮಾಡಿದ ಹದಿನಾಲ್ಕು ನಿಮಿಷ. ಹೊಸ ನಾಟಕಕ್ಕೆ ಒಂದು ಪ್ರಯೋಗ ಸಿಗುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಕಷ್ಟ ಎರಡನೇ ಪ್ರಯೋಗ. ಮೊದಲ ದಿನ ನಾಟಕ ಬರೀ ಎದ್ದು ನಿಲ್ಲುತ್ತದೆ. ನಡೆಯಲು ಕಲಿಯುವುದು ಆಮೇಲೆ. ನೀನಾಸಂ ತಿರುಗಾಟದ ನಾಟಕಗಳನ್ನು ಧಾರವಾಡದಲ್ಲಿ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. 1985ರಿಂದ ಅವರು ಊರೂರು ಸುತ್ತುತ್ತಿದ್ದಾರೆ. ನಮ್ಮ ಊರಿಗೆ ಬರುವ ಹೊತ್ತಿಗೆ ಆ ನಾಟಕ ಎಷ್ಟೋ ಊರಿನ ಮಂದಿಯನ್ನು ನೋಡಿರುತ್ತದೆ. ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ ನಟರ ಮೈಗೆ ಗೊತ್ತಿರುತ್ತದೆ. ಹೊಸ ಕಿರುನಾಟಕಕ್ಕೆ ಆ ಭಾಗ್ಯ ಎಲ್ಲಿದೆ? ಒಂದು ಸಂಜೆ ಆಡುತ್ತೇವೆ, ಫೋಟೋ ತೆಗೆಯುತ್ತೇವೆ, ಮೆಣಸಿನಕಾಯಿ ಡಬ್ಬಿಗೆ ವಾಪಸ್ ಹೋಗುತ್ತದೆ.

"ಇನ್ನ ನಾಟಕ ಎಷ್ಟೊತ್ತಿಗೆ" ಅಂದ ಅಜ್ಜ ಬಾಗಿಲ ಹತ್ತಿರ ನನಗೆ ಇನ್ನೊಂದು ಮಾತು ಹೇಳಿದರು. "ನಿಮ್ಮ ಮುದುಕಿ ನಮ್ಮ ಅಕ್ಕನಂಗ ಇದ್ದಳವ್ವ" ಅಂದರು. ಟೀಚರ್‌ಗೆ ಅದು ಕೇಳಿಸಿರಲಿಕ್ಕಿಲ್ಲ.

ಬಸ್ ನಾಟಕ ಬರೆದವನು ನನ್ನ ಗೆಳೆಯ. ಅವನಿಗೂ ಇದನ್ನು ತೋರಿಸಿದೆ. ನವನಗರದ ನಂತರದ್ದನ್ನು ಅವನು ಮತ್ತೆ ಬರೆಯುತ್ತಿದ್ದಾನೆ.

ಕಂಪನಿ ನೆನಪು

ಮಗಳೇ, ನಿನ್ನ ನಾಟಕ ನಾನು ನೋಡಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಗುಡ್ಡೆ ಎಳೆದುಕೊಳ್ಳುವ ಮೊದಲು ಅತ್ತೆ ಎಷ್ಟು ಹೊತ್ತು ಸುಮ್ಮನಿರುತ್ತಾಳೆ? ಕಂಪನಿಯಲ್ಲಿ ದೊಡ್ಡ ನಟರು ದೊಡ್ಡ ಮಾತಿನ ಮುಂಚೆ ಕಾಯುತ್ತಿದ್ದರು. ಹಾರ್ಮೋನಿಯಂ ನಿಲ್ಲುತ್ತಿತ್ತು. ಸಾವಿರ ಮಂದಿ ಉಸಿರು ಬಿಗಿ ಹಿಡಿಯುತ್ತಿದ್ದರು. ನಿನ್ನದು ಹದಿನಾಲ್ಕು ನಿಮಿಷ ಅಂತ ಅಲ್ಲಿ ಅವಸರ ಮಾಡಬೇಡ. ಬೇರೆ ಕಡೆ ಕತ್ತರಿಸು, ಅಲ್ಲಿ ಮಾತ್ರ ಕಂಪನಿ ನಾಟಕದಷ್ಟು ಹೊತ್ತು ಕೊಡು.

ಗದಗಿಗೆ ಬರುವುದಾದರೆ ನಮ್ಮ ಮನೆಯ ಅಟ್ಟದಲ್ಲೇ ಆಡಿಸಿ. ನಲವತ್ತು ಜನ ಕೂರಬಹುದು. ಊಟ ನಮ್ಮದು.

ಬರೆದವಳು

ಸರ್, ಈಗ ಅದು ಮೂರು ಸೆಕೆಂಡು. ನಾಳೆಯ ತಾಲೀಮಿನಲ್ಲಿ ಹತ್ತು ಮಾಡಿ ನೋಡುತ್ತೇವೆ.

ಸಾಧನಕೇರಿ ಟೀಚರ್ (ಮುಂದಿನ ಬುಧವಾರ)

ಸುದ್ದಿ ಹೇಳಲು ಬಂದೆ. ಬರೆದವಳ ಒಪ್ಪಿಗೆ ತೆಗೆದುಕೊಂಡು ಒಂಬತ್ತನೇ ಕ್ಲಾಸಿನಲ್ಲಿ ನಾಟಕ ಓದಿಸಿದೆ. ಮಕ್ಕಳು ಇಬ್ಬಿಬ್ಬರಾಗಿ ಓದಿದರು. ಓದಿದ ಮೇಲೆ "ಅತ್ತೆ ಒಳ್ಳೆಯವಳಾ?" ಅಂತ ಕೇಳಿದೆ. ಅರ್ಧ ಕ್ಲಾಸು ಹೌದು ಅಂದಿತು. ಒಬ್ಬಳು ಹುಡುಗಿ ಎದ್ದು, "ಮಿಸ್, ಅತ್ತೆ ಗುಡ್ಡೆ ಎಳಕೊಂಡಳು, ಸರಿ. ಆರು ತಿಂಗಳು ಇಬ್ಬರ ಕೆಲಸ ಒಬ್ಬಳೇ ಹೆಂಗ ಮಾಡ್ತಾಳ?" ಅಂದಳು. ಅವಳ ಮನೆಯಲ್ಲೂ ಹಾಗೇ ಏನೋ ಇರಬೇಕು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಹಾನಗಲ್ಲ ಕಡೆಯವನು

ಟೇಪಿನ ನಾಟಕಕ್ಕೆ ಒಪ್ಪಿಗೆ ಸಿಕ್ಕಿತು! ನಮ್ಮ ಊರಲ್ಲಿ ಫೂಟು ಇಂಚು ಬದಲು ಮೊಳದ ಲೆಕ್ಕ ಹೇಳಬಹುದಾ ಅಂತ ಕೇಳಿದೆ. ಬರೆದವನು ಒಂದು ದಿನ ಯೋಚನೆ ಮಾಡಿ, ಬೇಡ ಅಂದ. ಟೇಪಿನ ಸದ್ದು ಬೇಕಂತೆ. ಅವನ ಮಾತೇ ಸರಿ.

ಬ್ಯಾಡಗಿ ಮಗಳು (ಮೂರು ವಾರದ ನಂತರ)

ನಿನ್ನೆ ಭಾನುವಾರ ಗದಗಿನ ಆ ಅಟ್ಟದಲ್ಲಿ ಎರಡನೇ ಪ್ರಯೋಗ ಆಯಿತು. ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವ ನಾಟಕ ಅಂತ ನೋಡಿದ್ದು ಜಾತ್ರೆಯಲ್ಲಿ ಮಾತ್ರ, ಅದೂ ಮದುವೆಗೆ ಮುಂಚೆ. ಮುಂದಿನ ಸಾಲಿನಲ್ಲಿ ಕೂತಳು. ಕಾಯಿ ಸುರಿದ ಕೂಡಲೇ ಎಲ್ಲರೂ ಕೆಮ್ಮಿದರು, ಅವಳು ಕೆಮ್ಮಲಿಲ್ಲ.

ಸೊಸೆ ತೋಳಿಗೆ ಕಣ್ಣು ಒತ್ತಿಕೊಂಡಳು. ಮೂರು ಸಾಲು ಮಾತು ಇರಲಿಲ್ಲ. ಅತ್ತೆ ಕಾದಳು. ನಾನು ಒಳಗೇ ಎಣಿಸಿದೆ, ಒಂಬತ್ತು ಬಂತು. ಹಿಂದೆ ಯಾರೋ ಹಿರಿಯರು "ಹ್ಞಾಂ" ಅಂದದ್ದು ಕೇಳಿಸಿತು, ಕಂಪನಿ ನೆನಪು ಅವರೇ ಇರಬೇಕು. ಆಮೇಲೆ ಗುಡ್ಡೆ ಸರಿಯಿತು.

ಹೊರಗೆ ಬಂದ ಮೇಲೆ ಹೇಗಿತ್ತು ಅಂತ ಅವ್ವನನ್ನು ಕೇಳಿದೆ. ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ ಅಂದಳು: "ಹುಡುಗಿ ಚಲೋ ಮಾಡತಾಳ. ಆದ್ರ ಚೀಲ ಎತ್ತೂವಾಗ ಖಾಲಿ ಚೀಲ ಎತ್ತಿದಂಗ ಎತ್ತತಾಳ. ತುಂಬಿದ್ದು ಹಂಗ ಮ್ಯಾಲ ಬರೂದಿಲ್ಲ. ಮೊದಲ ಮೊಣಕಾಲಿಗೆ ಇಟಗೋಬೇಕು."

ಬರೆದವಳು

ಬರೆದುಕೊಂಡೆ. ಅವ್ವನಿಗೆ ಹೇಳಿ, ಮುಂದಿನ ತಿಂಗಳು ಹಾನಗಲ್ಲ ಕಡೆ ಆಡುತ್ತಿದ್ದೇವೆ, ಚೀಲ ತುಂಬಿರುತ್ತದೆ. ಮೊಣಕಾಲಿಗೆ ಇಡುವುದನ್ನು ನಮ್ಮ ಹುಡುಗಿಗೆ ಒಂದು ಸಲ ತೋರಿಸಿಕೊಡಲು ತಾಲೀಮಿಗೆ ಬರುತ್ತಾರಾ?